ಕೆಳಗಿನಿಂದ ಮೇಲಕ್ಕೆ

ಜುಲೈ ತಿಂಗಳ ಮೂರನೇ ವಾರ. ಆ ಹೊತ್ತಿಗೆ ಮಡಿಕೇರಿಯ ಮಳೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸುಮ್ನೆ ಇರುತ್ತದೆ. ಅವ್ವನ ಕಣ್ಣು ತೋರಿಸಲು ಬಂದಿದ್ದೆವು. ಡಾಕ್ಟರು ಡ್ರಾಪ್ಸ್ ಹಾಕಿ ನೋಡಿ, ಪೊರೆ ಇನ್ನೂ ಬಲಿತಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಆ ಡ್ರಾಪ್ಸ್ ಹಾಕಿದ ಮೇಲೆ ಮೂರ್ನಾಲ್ಕು ಗಂಟೆ ಕಣ್ಣು ಮಂಜು ಮಂಜು. ಬೆಳಕು ಬಿದ್ದರೆ ಚುಚ್ಚುತ್ತದೆ. ಊರಿನ ಕಡೆಯ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. "ಎಲ್ಲಾದ್ರೂ ಕತ್ಲೆ ಇರೋ ಕಡೆ ಕೂರ್ಸು ಮಗಾ" ಅಂದಳು ಅವ್ವ. ಕೋಟೆಯ ಮ್ಯೂಸಿಯಂ ನೆನಪಾಯಿತು.

ಕೋಟೆಯ ಕಥೆಯನ್ನು ಕೊಡಗಿನ ಮಕ್ಕಳು ಶಾಲೆಯಲ್ಲೇ ಕೇಳಿರುತ್ತಾರೆ. 17ನೇ ಶತಮಾನದ ಕೊನೆಯಲ್ಲಿ ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ. ಟಿಪ್ಪು ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ದೊಡ್ಡವೀರರಾಜೇಂದ್ರನ ಕೈಗೆ ಬಂತು. ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಅರಮನೆಯನ್ನು ಹೊಸದು ಮಾಡಿಸಿದ. 1834ರಲ್ಲಿ ಇಂಗ್ಲಿಷರ ಪಾಲಾಯಿತು. ಕೋಟೆಯೊಳಗಿದ್ದ ವೀರಭದ್ರನ ಗುಡಿ ತೆಗೆದು, 1850ರ ದಶಕದಲ್ಲಿ ಅವರು ಸೇಂಟ್ ಮಾರ್ಕ್ ಚರ್ಚ್ ಕಟ್ಟಿದರು. ಆ ಚರ್ಚೇ ಈಗ ರಾಜ್ಯ ಪುರಾತತ್ವ ಇಲಾಖೆಯ ಮ್ಯೂಸಿಯಂ. ಗುಡಿ, ಚರ್ಚ್, ಮ್ಯೂಸಿಯಂ. ಒಂದೇ ಜಾಗಕ್ಕೆ ಮೂರು ಬಾಳು.

ಜನ ಕೋಟೆಗೆ ಬಂದರೆ ಆ ಎರಡು ಗಾರೆಯ ಆನೆಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಮ್ಯೂಸಿಯಂ ಒಳಗೆ ಹೊಕ್ಕವರು ಕತ್ತಿ ಕೋವಿ ನೋಡಿ ಹೊರಡುತ್ತಾರೆ. ಶಾಲೆಯ ಟ್ರಿಪ್ಪಿನಲ್ಲಿ ನಾನೂ ಹಾಗೇ ಬಂದು ಹಾಗೇ ಹೋಗಿದ್ದೆ. ಈ ಸಲ ಹೊರಗೆ ಮಳೆ, ಅವ್ವನಿಗೆ ಕಣ್ಣು ಮಂಜು, ಕೈಯಲ್ಲಿ ಎರಡು ಗಂಟೆ. ಕಾವಲಿನವರು ಪಾಪ, ತಾವು ಕೂತಿದ್ದ ಕುರ್ಚಿಯನ್ನೇ ತಂದು ಅವ್ವನಿಗೆ ಹಾಕಿಕೊಟ್ಟರು. ಆ ಕುರ್ಚಿ ಒಂದು ವೀರಗಲ್ಲಿನ ಎದುರು ಬಿತ್ತು. ಅವ್ವ ಕೂತಳು. ನಾನು ಪಕ್ಕದಲ್ಲಿ ನಿಂತೆ.

ಕಲ್ಲು ನನ್ನ ಎದೆಯ ಎತ್ತರ. ಅಗಲ ಒಂದು ಮೊಳಕ್ಕಿಂತ ತುಸು ಜಾಸ್ತಿ. ಬೂದು ಬಣ್ಣದ ಗಟ್ಟಿ ಕಲ್ಲು. ಅದರ ಮೇಲೆ ಅಡ್ಡಕ್ಕೆ ಮೂರು ಪಟ್ಟಿಕೆ. ನಡುನಡುವೆ ಬರಿ ಅಂಚು. ಆ ಅಂಚಿನಲ್ಲಿ ಅಕ್ಷರ ಕೆತ್ತುವ ರೂಢಿ ಇದೆ. ಇದರಲ್ಲಿ ಒಂದಕ್ಷರವೂ ಇಲ್ಲ.

ನನ್ನ ಕಣ್ಣು ಮೊದಲು ಮೇಲಕ್ಕೆ ಹೋಯಿತು. ಪೇಪರ್ ಓದಿ ಓದಿ ಆದ ಅಭ್ಯಾಸ ಅದು. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ನಂದಿ, ಕೈ ಮುಗಿದು ಕೂತ ಒಬ್ಬ ಮನುಷ್ಯ. ತುದಿಯಲ್ಲಿ ಸೂರ್ಯ, ಚಂದ್ರ. ನಡುವೆ, ಇಬ್ಬರು ಹೆಂಗಸರು ಅದೇ ಮನುಷ್ಯನ ತೋಳು ಹಿಡಿದು ಕರೆದುಕೊಂಡು ಹೋಗುತ್ತಿದ್ದಾರೆ. ಕೆಳಗೆ ಏನೋ ಗಲಾಟೆ. ಕಾಲುಗಳು, ಕೋಲುಗಳು, ದನವೋ ಕುದುರೆಯೋ. ಟ್ಯೂಬ್‌ಲೈಟಿನ ಬೆಳಕು ನೇರ ಎದುರಿನಿಂದ ಬಿದ್ದು ಎಲ್ಲವೂ ಚಪ್ಪಟೆಯಾಗಿ ಕಾಣುತ್ತಿತ್ತು. ನೋಡಿ ಮುಗಿಸಿದೆ ಅಂದುಕೊಂಡೆ. ಎರಡು ನಿಮಿಷವೂ ಆಗಿರಲಿಲ್ಲ.

ಆಗ ಕರೆಂಟ್ ಹೋಯಿತು. ಆ ಮಳೆಯಲ್ಲಿ ಊರಿಗೆ ಊರೇ ಕರೆಂಟ್ ಇಲ್ಲದೆ ಕೂರುವುದು ನಮಗೆ ಹೊಸತಲ್ಲ. "ಅಬ್ಬಾ, ಈಗ ಕಣ್ಣಿಗೆ ಹಾಯಾಯ್ತು" ಅಂದಳು ಅವ್ವ. ಚರ್ಚಿನ ಉದ್ದನೆಯ ಕಿಟಕಿಯಿಂದ ಮಳೆಗಾಲದ ಬೂದು ಬೆಳಕು ಒಂದೇ ಪಕ್ಕದಿಂದ ಬಂದು ಕಲ್ಲಿನ ಮೇಲೆ ಓರೆಯಾಗಿ ಬಿತ್ತು. ಬೆಳಕಿನ ಕಡೆಯ ಮೈ ತಿಳಿಯಾಯಿತು. ಇನ್ನೊಂದು ಕಡೆ ನೆರಳು ತುಂಬಿತು. ಚಪ್ಪಟೆಯಾಗಿದ್ದವರು ಎದ್ದು ನಿಂತರು.

ಕಲ್ಲು ಓದುವವರಿಗೆ ಇದು ಹಳೆಯ ವಿಷಯ. ಸವೆದ ಶಾಸನವನ್ನು ಬೆಳಗ್ಗೆ ಬೇಗ ಅಥವಾ ಸಂಜೆ ಇಳಿಬಿಸಿಲಿನಲ್ಲಿ ನೋಡುತ್ತಾರೆ. ಇಲ್ಲವೆಂದರೆ ಕತ್ತಲಾದ ಮೇಲೆ ಪಕ್ಕದಿಂದ ಟಾರ್ಚ್ ಹಿಡಿಯುತ್ತಾರೆ. ಅಚ್ಚು ತೆಗೆಯುವುದಾದರೆ ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತುತ್ತಾರೆ. ತಗ್ಗು ಬಿಳಿಯಾಗಿ ಉಳಿಯುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಇದೆಲ್ಲ ಓದಿ ಗೊತ್ತಿತ್ತು. ಆದರೆ ನನ್ನ ಕಣ್ಣ ಮುಂದೆ ಒಂದು ಕಲ್ಲು ಹೀಗೆ ಉಬ್ಬಿ ಬಂದದ್ದು ಅದೇ ಮೊದಲು.

ನಾನು ನೆಲದ ಮೇಲೆ ಕೂತೆ. ಕೂತಾಗ ನನ್ನ ಕಣ್ಣು ಕೆಳಗಿನ ಪಟ್ಟಿಕೆಯ ಮಟ್ಟಕ್ಕೆ ಬಂತು. ವೀರಗಲ್ಲನ್ನು ಓದುವುದು ಅಲ್ಲಿಂದ. ಕೆಳಗೆ ಅವನು ಹೇಗೆ ಸತ್ತ ಎಂಬುದು. ನಡುವೆ ದೇವಲೋಕದ ಹೆಣ್ಣುಗಳು ಕರೆದೊಯ್ಯುವುದು. ಮೇಲೆ ಅವನು ಶಿವನ ಎದುರು ಕೂತಿರುವುದು. ಜೈನರ ಕಲ್ಲಾದರೆ ಮೇಲೆ ಜಿನ ಇರುತ್ತಾನೆ. ಸೂರ್ಯ ಚಂದ್ರ ಇರುವ ತನಕ ಈ ಹೆಸರು ಇರಲಿ ಎಂದು ತುದಿಯಲ್ಲಿ ಅವರಿಬ್ಬರು. ಸುಮಾರು ವೀರಗಲ್ಲುಗಳದ್ದು ಇದೇ ಅಚ್ಚು. ಕೊಡಗಿನಲ್ಲಿ ಇವನ್ನು ಕೊಲ್ಲೆಕಲ್ಲು ಅಂತಲೂ ಕರೆಯುತ್ತಾರೆ.

ಬ್ಯಾಗಿನಲ್ಲಿ ಅವ್ವನ ಕಣ್ಣಿನ ಫೈಲ್ ಇತ್ತು. ಅದರ ಹಿಂಬದಿಯ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸಲು ಶುರು ಮಾಡಿದೆ. ನನಗೆ ಚಿತ್ರ ಬಿಡಿಸಿ ಅಭ್ಯಾಸವಿಲ್ಲ. ಆದರೆ ಬಿಡಿಸುವಾಗ ಒಂದು ಅನುಕೂಲ ಇದೆ. ಪ್ರತಿ ಗೆರೆಗೂ ಒಂದು ಪ್ರಶ್ನೆ ಕೇಳಬೇಕಾಗುತ್ತದೆ. ಈ ಕೈ ಯಾರದು? ಈ ಕೋಲು ಎಲ್ಲಿಗೆ ಮುಗಿಯಿತು? ಫೋಟೋ ತೆಗೆದಿದ್ದರೆ ಆ ಪ್ರಶ್ನೆಗಳು ಫೋನಿನ ಒಳಗೇ ಉಳಿಯುತ್ತಿದ್ದವು.

ಹಾಗೆ ಕೇಳುತ್ತಾ ಹೋದಂತೆ ಕಂಡದ್ದು ಇದು. ನಡುವೆ ವೀರ. ಉಳಿದವರಿಗಿಂತ ಒಂದೂವರೆ ಪಟ್ಟು ದೊಡ್ಡವನು. ತುರುಬು ಹಿಂದಕ್ಕೆ ಕಟ್ಟಿದೆ. ಬಲಗೈಯಲ್ಲಿ ಚಿಕ್ಕ ಕತ್ತಿ, ಎಡಗೈಯಲ್ಲಿ ದುಂಡು ಗುರಾಣಿ. ಎದುರು ಇಬ್ಬರು ಬಿಲ್ಲು ಹಿಡಿದು ನಿಂತಿದ್ದಾರೆ. ಕೋಲು ಎಂದುಕೊಂಡಿದ್ದು ಬಾಣ. ಅದು ಅವನ ತೊಡೆಗೆ ನಾಟಿದೆ. ಅವನ ಬೆನ್ನ ಹಿಂದೆ ದನಗಳು. ಒಂದರ ಹಿಂದೆ ಒಂದು ನಿಂತ ಹಾಗೆ ತೋರಿಸಲು, ಮೊದಲ ಹಸುವನ್ನು ಪೂರ್ತಿ, ಎರಡನೆಯದರ ಮುಖವನ್ನು ಮಾತ್ರ, ಮೂರನೆಯದರ ಕೊಂಬನ್ನು ಮಾತ್ರ ಕೆತ್ತಿದ್ದಾನೆ. ಬರಿ ಎರಡು ಕೊಂಬು. ಅಷ್ಟಕ್ಕೇ ಅಲ್ಲಿ ಒಂದು ಮಂದೆ ಇದೆ ಅಂತ ಅನ್ನಿಸುತ್ತದೆ. ಮೊದಲ ಹಸು ಕತ್ತು ತಿರುಗಿಸಿ ಅವನನ್ನು ನೋಡುತ್ತಿದೆ.

ಆಮೇಲೆ ಅವನ ಕಾಲು. ಇದನ್ನು ಕಂಡಾಗ ನಾನು ಪೆನ್ಸಿಲ್ ಕೆಳಗಿಟ್ಟೆ. ಮುಂದಿಟ್ಟ ಬಲಗಾಲಿನ ಹೆಬ್ಬೆರಳು ಪಟ್ಟಿಕೆಯ ಅಂಚನ್ನು ದಾಟಿದೆ. ಬೇರೆ ಎಲ್ಲರ ಕಾಲೂ ಅಂಚಿನ ಒಳಗೆ ಅಚ್ಚುಕಟ್ಟಾಗಿ ನಿಂತಿವೆ. ಇವನೊಬ್ಬನದು ಮಾತ್ರ ಆಚೆ ಬಂದಿದೆ. ಅಂಚನ್ನು ಅಷ್ಟು ಜಾಗದಲ್ಲಿ ಕಡಿದು, ಬೆರಳಿಗೆ ದಾರಿ ಬಿಟ್ಟಿದ್ದಾನೆ ಕೆತ್ತಿದವನು. ಕೈ ತಪ್ಪಿ ಹೀಗಾಗುವುದಿಲ್ಲ. ಗಟ್ಟಿ ಕಲ್ಲಿನಲ್ಲಿ ಉಬ್ಬಿಸಿ ಬಿಡಬೇಕಾದರೆ ಮೊದಲೇ ಲೆಕ್ಕ ಹಾಕಿರಬೇಕು.

ಮೇಲಿನ ಎರಡು ಪಟ್ಟಿಕೆಗಳಲ್ಲಿ ಅಂಥದ್ದೇನೂ ಇಲ್ಲ. ಲಿಂಗ, ನಂದಿ, ಹೆಣ್ಣುಗಳು, ಎಲ್ಲವೂ ಚೆನ್ನಾಗಿವೆ, ಆದರೆ ನೂರು ಕಲ್ಲಿನಲ್ಲಿ ಇರುವ ಹಾಗೇ ಇವೆ. ಅವನ ಮನಸ್ಸು ಕೆಳಗಿನ ಪಟ್ಟಿಕೆಯಲ್ಲೇ ಇತ್ತು ಎಂದು ನನಗೆ ಅನ್ನಿಸುತ್ತದೆ. ಸ್ವರ್ಗ ಹೇಗಿರುತ್ತದೆ ಅಂತ ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ದನ ಕತ್ತು ತಿರುಗಿಸುವುದನ್ನು ಅವನೇ ಕಂಡಿದ್ದ.

ದನಕ್ಕಾಗಿ ಸಾಯುವುದು ಆ ಕಾಲದಲ್ಲಿ ಸಣ್ಣ ಮಾತಾಗಿರಲಿಲ್ಲ. ಶಾಸನಗಳಲ್ಲಿ ಇದಕ್ಕೆ ತುರುಗೊಳ್ ಎಂಬ ಮಾತಿದೆ. ತುರು ಅಂದರೆ ದನ, ಕೊಳ್ ಅಂದರೆ ಹಿಡಿದುಕೊಂಡು ಹೋಗುವುದು. ಪಕ್ಕದ ಊರಿನವರೋ, ಪಕ್ಕದ ನಾಡಿನವರೋ ಬಂದು ಮಂದೆಯನ್ನು ಹೊಡೆದುಕೊಂಡು ಹೋಗುತ್ತಿದ್ದರು. ದನ ಹೋದರೆ ಉಳುಮೆ ಹೋಯಿತು, ಗೊಬ್ಬರ ಹೋಯಿತು, ಮಕ್ಕಳ ಹಾಲು ಹೋಯಿತು. ಅಡ್ಡ ನಿಂತವನು ಊರಿನ ಒಂದು ವರ್ಷದ ಅನ್ನವನ್ನು ಉಳಿಸಿದ ಹಾಗೆ.

ಅಂಥವನು ಸತ್ತ ಮೇಲೆ ಮನೆಯವರ ಗತಿ ಏನು? ವೀರಗಲ್ಲಿನ ವಿಷಯದಲ್ಲಿ ನನಗೆ ಬಹಳ ಇಷ್ಟವಾಗುವ ಮಾತುಗಳು ಇಲ್ಲಿವೆ. ಸತ್ತವನ ಮನೆಯವರಿಗೆ ಭೂಮಿ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ನೆತ್ತರಿಗಾಗಿ ಕೊಟ್ಟದ್ದು. ಕಲ್ಲು ನೆಡುವಾಗ ಕೊಟ್ಟ ಭೂಮಿಗೆ ಕಲ್ನಾಟು. ಗಂಗರ ಕಾಲದಲ್ಲಿ ಬಾಳ್ಗಳ್ಚು ಅನ್ನುವುದೂ ಇತ್ತು. ಬಾಳ್ ಅಂದರೆ ಕತ್ತಿ, ಕಳ್ಚು ಅಂದರೆ ತೊಳೆಯುವುದು. ವೀರನ ಕತ್ತಿ ತೊಳೆದು ಭೂಮಿ ಕೊಡುವುದು. ಇಂಥ ಮಾತು ಹುಟ್ಟಬೇಕಾದರೆ ಆ ಜನ ಎಷ್ಟು ಸಲ ರಕ್ತ ತೊಳೆದಿರಬೇಕು, ಅಲ್ವಾ? ನಾವು ಕಲ್ಲನ್ನು ನೋಡಿ ಶೌರ್ಯ ಶೌರ್ಯ ಅನ್ನುತ್ತೇವೆ. ಅದರ ಜೊತೆಗೆ ಆ ಭೂಮಿಯನ್ನೂ, ಅದನ್ನು ಉತ್ತ ಹೆಂಡತಿ ಮಕ್ಕಳನ್ನೂ ನೆನೆಯಬೇಕು.

ಕೆಲವು ವೀರಗಲ್ಲುಗಳ ಮೇಲೆ ಒಂದು ಸಂಸ್ಕೃತ ಶ್ಲೋಕ ಇರುತ್ತದೆ. "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ" ಎಂದು ಶುರುವಾಗುತ್ತದೆ. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಹೋಗುವ ಮೈಗೆ ಯುದ್ಧದಲ್ಲಿ ಸಾಯುವ ಚಿಂತೆ ಏಕೆ ಎಂದು ಅದರ ಅರ್ಥ. ನಮ್ಮ ಸೋಮವಾರಪೇಟೆ ಸೀಮೆಯಲ್ಲೇ ಗೆದ್ದರೆ ಸಿರಿ ಎಂಬ ಮಾತಿಗೆ ಒಂದು ಉದಾಹರಣೆ ಇದೆ. 1004ರ ಸುಮಾರಿಗೆ ಪಣಸೋಗೆಯ ಯುದ್ಧದಲ್ಲಿ ಮನಿಜ ಎಂಬ ವೀರ ಚೋಳರ ಪರವಾಗಿ ಹೋರಾಡಿ ಮೆಚ್ಚುಗೆ ಪಡೆದ. ರಾಜರಾಜ ಚೋಳನ ದಂಡನಾಯಕ ಪಂಚವನ್ ಮಾರಾಯ ಅವನಿಗೆ ಮಾಲಂಬಿ ಎಂಬ ಊರನ್ನು ಕೊಟ್ಟು, ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ ಎಂಬ ಬಿರುದು ಕೊಟ್ಟ. ಆ ಕೊಂಗಾಳ್ವರೇ ಮುಂದೆ ಶನಿವಾರಸಂತೆ ಹತ್ತಿರದ ಮುಳ್ಳೂರಿನಲ್ಲಿ ಬಸದಿಗಳನ್ನು ಕಟ್ಟಿಸಿದರು. 11ನೇ ಶತಮಾನದ ಆ ಬಸದಿಗಳು ಇವತ್ತಿಗೂ ಇವೆ. ಬದುಕಿ ಬಂದವನಿಗೆ ನಾಡು ಸಿಕ್ಕಿತು. ಬಾರದವನಿಗೆ ಎದೆಯೆತ್ತರದ ಈ ಕಲ್ಲು.

ಆತಕೂರಿನ ಕಲ್ಲಿನ ಮಾತನ್ನೂ ಇಲ್ಲಿ ಹೇಳದೆ ಇರಲಾರೆ. ಅದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನದು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಾಲ ಕ್ರಿ.ಶ. 949-50. ಚೋಳರ ಎದುರಿನ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ ತನ್ನ ಕಡೆಯ ವೀರ ಮಣಲೇರನಿಗೆ ಗಂಗರ ಅರಸ ಬೂತುಗ, ಏನು ಬೇಕು ಕೇಳು ಅಂದ. ಮಣಲೇರ ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಎಂದು ಬರೆಸಿದರು. ಕೊಡಗಿನವರಿಗೆ ಈ ಕಥೆ ಹೊಟ್ಟೆಗೆ ತಾಕುತ್ತದೆ. ಹಂದಿ ಬೇಟೆಗೆ ಹೋದ ನಾಯಿಗಳ ಹೆಸರು ಹೇಳಿ ಕಣ್ಣು ಒರೆಸಿಕೊಳ್ಳುವ ಮುದುಕರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ.

ಸತ್ತವರನ್ನು ಹತ್ತಿರ ಇಟ್ಟುಕೊಳ್ಳುವುದು ಈ ಮಣ್ಣಿನ ಗುಣವೇ ಇರಬೇಕು. ಕೊಡವರ ಐನ್‌ಮನೆಗಳ, ಅಂದರೆ ಕುಲದ ಮೂಲಮನೆಗಳ ಹತ್ತಿರ ಕೈಮಡ ಎಂಬ ಹಿರಿಯರ ಗುಡಿ ಇರುತ್ತದೆ. ತೀರಿಹೋದ ಹಿರಿಯರಿಗೆ, ಅಂದರೆ ಕಾರಣರಿಗೆ, ಅಲ್ಲಿ ದೀಪ ಇಡುತ್ತಾರೆ, ಎಡೆ ಇಡುತ್ತಾರೆ. ಹೋದವರು ಮನೆಯ ಅಂಗಳದ ಆಚೆ ಎಲ್ಲಿಗೂ ಹೋಗಿಲ್ಲ ಎಂಬ ಹಾಗೆ.

ಆದರೆ ಕೊಡಗಿನವರ ಚಿತ್ರ ಎಂದು ಹೊರಗಿನ ಜನ ನೋಡಿರುವುದು ಬೇರೆಯದೇ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋದ. ವಿಕ್ಟೋರಿಯಾ ರಾಣಿ ಅವಳಿಗೆ ಗಾಡ್‌ಮದರ್ ಆಗಿ ನಿಂತಳು. ಅದೇ ವರ್ಷ ವಿಂಟರ್‌ಹಾಲ್ಟರ್ ಎಂಬ ದೊಡ್ಡ ಕಲಾವಿದ ಹನ್ನೊಂದರ ಆ ಹುಡುಗಿಯ ಚಿತ್ರ ಬರೆದ. ಒಡವೆ, ಪಟ್ಟೆ, ಕೈಯಲ್ಲಿ ಬೈಬಲ್. 1864ರಲ್ಲಿ ಅವಳು ಅಲ್ಲೇ ತೀರಿಕೊಂಡಳು. ಆ ಚಿತ್ರ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ನಾನು ಅದನ್ನು ಫೋನಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬಣ್ಣ ಕಾಣುತ್ತದೆ, ಮುಖ ಕಾಣುತ್ತದೆ. ಆದರೆ ಅದರ ಎದುರು ನೆಲದ ಮೇಲೆ ಕೂತು, ಅದರ ಮಟ್ಟಕ್ಕೆ ನನ್ನ ಕಣ್ಣು ತರಲು ಆಗುವುದಿಲ್ಲ. ಈ ಕಲ್ಲಿನ ಮನುಷ್ಯನಿಗೆ ಹೆಸರಿಲ್ಲ, ಮುಖವೂ ಸವೆದಿದೆ. ಆದರೂ ಅವನ ಹೆಬ್ಬೆರಳಿನಿಂದ ನನ್ನ ಮೊಣಕಾಲಿಗೆ ಒಂದು ಗೇಣು ದೂರ.

ಇಷ್ಟು ಹೊತ್ತು ಅವ್ವ ಸುಮ್ಮನೆ ಕೂತಿದ್ದಳು. ನಿದ್ದೆ ಬಂತೇನೋ ಅಂದುಕೊಂಡಿದ್ದೆ. ನೋಡಿದರೆ ಚಪ್ಪಲಿ ಕಳಚಿ ಕುರ್ಚಿಯ ಕೆಳಗೆ ಸರಿಸಿದ್ದಳು.

"ಇದು ನಮ್ಮ ಗದ್ದೆ ಬದಿನ ಕಲ್ಲಲ್ವಾ? ಇಲ್ಲಿಗೆ ಯಾವಾಗ ತಂದ್ರು?" ಎಂದು ಕೇಳಿದಳು.

"ಅಲ್ಲ ಅವ್ವ. ಇದು ವೀರಗಲ್ಲು. ನಮ್ದು ಅಕ್ಕಮ್ಮನ ಕಲ್ಲಲ್ವಾ."

"ಅದೇ ಇದು. ಮೇಲೆ ಈಶ್ವರ, ಅದ್ರ ಕೆಳಗೆ ಇಬ್ರು ಅಕ್ಕದೀರು."

ನಮ್ಮ ಗದ್ದೆಯ ಬದುವಿನಲ್ಲಿ ಒಂದು ಕಲ್ಲಿದೆ. ನನ್ನ ಮಂಡಿಯಿಂದ ತುಸು ಎತ್ತರ. ಮೇಲೆ ಲಿಂಗ, ಕೆಳಗೆ ಇಬ್ಬರು ಹೆಂಗಸರು. ಮನೆಯಲ್ಲಿ ಅದನ್ನು ಅಕ್ಕಮ್ಮನ ಕಲ್ಲು ಎನ್ನುತ್ತೇವೆ. ನಾಟಿ ದಿನ ಎಣ್ಣೆ, ಕುಂಕುಮ, ದೀಪ. ಬಾಕಿ ದಿನ ಅದರ ತುದಿಯಲ್ಲಿ ಅಜ್ಜ ಕತ್ತಿ ಮಸೆಯುತ್ತಿದ್ದರು. ಆ ಗೀರುಗಳು ಈಗಲೂ ಇವೆ. ಎರಡು ಪಟ್ಟಿಕೆಯ ಕಲ್ಲು, ಅದರಲ್ಲಿ ಯುದ್ಧ ಇಲ್ಲ. ಹಾಗಾಗಿ ಅದು ವೀರಗಲ್ಲು ಅಂತ ನನಗೆ ಹೊಳೆದೇ ಇರಲಿಲ್ಲ. ನಾನು ವಿವರ ನೋಡುತ್ತಿದ್ದೆ. ಮಂಜುಗಣ್ಣಿನ ಅವ್ವನಿಗೆ ವಿವರ ಕಾಣುತ್ತಿರಲಿಲ್ಲ. ಕಲ್ಲಿನ ಒಟ್ಟು ಆಕಾರ ಮಾತ್ರ ಕಾಣುತ್ತಿತ್ತು.

"ನಮ್ದು ಇಷ್ಟು ಎತ್ರ ಇಲ್ವಲ್ಲವ್ವ" ಅಂದೆ.

"ಅರ್ಧ ಮಣ್ಣೊಳಗೆ ಐತೆ ಅಂತ ನಿಮ್ಮಜ್ಜ ಹೇಳ್ತಿದ್ರು."

ಹೊರಡುವಾಗ ಅವ್ವ ಕಾವಲಿನವರನ್ನು ಕೇಳಿದಳು, "ಇಲ್ಲಿ ದೀಪ ಹಚ್ಚಲ್ವಾ?" "ಇಲ್ಲಮ್ಮ, ಇಲ್ಲಿ ಹಚ್ಚೋ ಹಂಗಿಲ್ಲ" ಅಂದರು ಅವರು, ಬಹಳ ಮೆಲ್ಲಗೆ. ಮ್ಯೂಸಿಯಂ ಎಂದ ಮೇಲೆ ಅದು ಸರಿ. ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ. ಮಳೆ ತಾಕದೆ, ಕತ್ತಿ ತಾಕದೆ ಅವನು ಅಲ್ಲಿ ಬಹಳ ಕಾಲ ನಿಲ್ಲುತ್ತಾನೆ. ಆದರೂ ಅವ್ವನ ಪ್ರಶ್ನೆ ಬಸ್ಸಿನಲ್ಲಿ ನನ್ನ ಜೊತೆ ಬಂತು.

ಮುಂದಿನ ವಾರ ನಾಟಿ ಇತ್ತು. ಹಿಂದಿನ ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ನಾನು, ಅವ್ವ ಬದುವಿನ ಮೇಲೆ ಹೋದೆವು. ಪಡುವಣದಲ್ಲಿ ಮೋಡದ ಕೆಳಗೆ ಒಂದು ಅಂಗುಲ ಬೆಳಕು ಉಳಿದಿತ್ತು. ಅದು ಓರೆಯಾಗಿ ಕಲ್ಲಿಗೆ ಬೀಳುತ್ತಿತ್ತು. ನೋಡಿದೆ. ಇಬ್ಬರು ಹೆಂಗಸರ ನಡುವೆ, ಎಣ್ಣೆ ಕುಂಕುಮ ಮೆತ್ತಿ ಮೆತ್ತಿ ನಾವು ಮರೆತಿದ್ದ ಒಬ್ಬ ಗಂಡಸು ಇದ್ದ. ಅವನ ಎರಡೂ ತೋಳು ಅವರ ಕೈಯಲ್ಲಿ. ನಲವತ್ತು ವರ್ಷದಿಂದ ನೋಡಿದ ಕಲ್ಲು ಅದು.

ಸಲಿಕೆ ಬಳಸಲು ಮನಸ್ಸಾಗಲಿಲ್ಲ. ಬುಡದ ಕೆಸರನ್ನು ಕೈಯಲ್ಲೇ ತೆಗೆದೆ. ಒಂದು ಗೇಣು ಇಳಿಯುವಷ್ಟರಲ್ಲಿ ನೀರು ಒಸರಿ ಗುಂಡಿ ತುಂಬಿತು. ಕಣ್ಣಿಗೆ ಏನೂ ಕಾಣಲಿಲ್ಲ. ನೀರೊಳಗೆ ಬೆರಳು ಆಡಿಸಿದೆ. ಮೊದಲು ಅಂಚು ಸಿಕ್ಕಿತು. ಅದರ ಕೆಳಗೆ ದುಂಡಗೆ ಒಂದು ತಲೆ, ಹಿಂದಕ್ಕೆ ತುರುಬು. ಅದರ ಆಚೆ ಚೂಪಾಗಿ, ಬಾಗಿ, ಜೋಡಿಯಾಗಿ ಎರಡು. ಮತ್ತೆ ತಡವಿದೆ. ಕೊಂಬು.

"ಏನ್ ಸಿಕ್ತು?" ಅಂದಳು ಅವ್ವ. ಅವಳ ಕೈ ಹಿಡಿದು ನೀರೊಳಗೆ ಇಳಿಸಿ ಅದರ ಮೇಲೆ ಇಟ್ಟೆ. ಅವಳು ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ, "ಸಾಕು ಮಗಾ. ಬದು ಕುಸಿದೀತು, ಮುಚ್ಚು" ಅಂದಳು. ಮುಚ್ಚಿದೆವು.

ಮರುದಿನ ಬೆಳಗ್ಗೆ ಅವ್ವ ಎಂದಿನಂತೆ ದೀಪ ತಂದಳು. ಅಕ್ಕಮ್ಮಂದಿರಿಗೆ ಕುಂಕುಮ ಇಟ್ಟಳು. ಎಣ್ಣೆ ಹಾಕಲಿಲ್ಲ, ನಾನು ಬೇಡ ಅಂದಿದ್ದೆ. ದೀಪವನ್ನು ಕಲ್ಲಿನ ಮುಂದೆ ಇಡುವ ಕಡೆ ಇಡಲಿಲ್ಲ. ಬುಡಕ್ಕೆ ತೀರ ಹತ್ತಿರ, ನಿನ್ನೆ ಮುಚ್ಚಿದ ಹಸಿ ಮಣ್ಣಿನ ಮೇಲೆ ಇಟ್ಟಳು. ನಾಟಿಯ ಹೆಂಗಸರು ಬಂದರು. ಒಬ್ಬಾಕೆ ಯಾವಾಗಲೂ ಮಾಡುವ ಹಾಗೆ ಬುತ್ತಿಯ ಚೀಲವನ್ನು ಕಲ್ಲಿನ ತಲೆಗೆ ಸಿಕ್ಕಿಸಲು ಹೋದಳು. ಅವ್ವ ಅದನ್ನು ಕೈಗೆ ತೆಗೆದುಕೊಂಡು, ಆಚೆ ಹಲಸಿನ ಮರದ ಕೊಂಬೆಗೆ ನೇತುಹಾಕಿ ಬಂದಳು.